ಇ-ಸಿಗರೇಟಿನ ಪರಿಣಾಮವನ್ನು ಇಲಿಗಳಲ್ಲಿ ಅಭ್ಯಸಿಸಲು ಕಡಿಮೆ ಖರ್ಚಿನ ಸಾಧನ

ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಅನುಮತಿ ದೊರೆತ ಮೇಲೆಯೇ ಈ ಸಾಧನದ ಜೋಡಣೆಗೆ ತೊಡಗಬೇಕು. 2019ರ ಕಾಯ್ದೆಯು ಭಾರತದಲ್ಲಿ ಇ-ಸಿಗರೇಟಿನ ತಯಾರಿಕೆ, ಆಮದು ಮತ್ತು ಮಾರಾಟವನ್ನು ನಿಷೇಧಿಸಿರುವುದರಿಂದ ಕಾನೂನು ಸಲಹೆಯೂ ಅಗತ್ಯ.

ಇಲಿಗಳನ್ನು ಇರಿಸಲು ಮುಚ್ಚಳ ಬಿಗಿಯಾಗಿ ಕೂರುವ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ, ಸಣ್ಣ ಪಂಪು, ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಮತ್ತು ಇವನ್ನು ನಿಯಂತ್ರಿಸುವ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು ಮೂಲ ಸಾಮಗ್ರಿ. ಇ-ಸಿಗರೇಟಿನ ಯಂತ್ರಪರೀಕ್ಷೆಗಾಗಿ ಇರುವ ಐಎಸ್‌ಒ 20768 ಅಂತರರಾಷ್ಟ್ರೀಯ ಮಾನದಂಡದಂತೆ 30 ಸೆಕೆಂಡಿಗೊಮ್ಮೆ, 3 ಸೆಕೆಂಡುಗಳ ಕಾಲ, ಪಂಪು ಇ-ಸಿಗರೇಟಿನಿಂದ 55 ಮಿಲಿಲೀಟರ್ ಆವಿಯನ್ನು ಸೆಳೆದು ಕೊಳವೆಯ ಮೂಲಕ ಪೆಟ್ಟಿಗೆಗೆ ಬಿಡುವಂತೆ ಪ್ರೋಗ್ರಾಂ ಬರೆಯಬೇಕು. ಕೊಳವೆ ಉದ್ದವಾದಷ್ಟೂ ಆವಿಯು ಒಳಗೋಡೆಯಲ್ಲಿ ಹನಿಗಟ್ಟಿ ನಷ್ಟವಾಗುವುದರಿಂದ ಅದನ್ನು ಗಿಡ್ಡವಾಗಿಡುವುದೇ ಲೇಸು. ಪೆಟ್ಟಿಗೆಗೆ ತಾಜಾ ಗಾಳಿ ನಿರಂತರವಾಗಿ ಹರಿಯುತ್ತಿರಬೇಕು. ಹೊರಬರುವ ಗಾಳಿಯನ್ನು ಸೂಕ್ಷ್ಮ ಕಣಗಳನ್ನು ತಡೆಯುವ ಹೆಪಾ ಫಿಲ್ಟರ್ ದಾಟಿಸಿ, ಪ್ರಯೋಗಾಲಯದ ಹೊಗೆ ಹೀರುವ ಫ್ಯೂಮ್ ಹುಡ್‌ಗೆ ಬಿಡಬೇಕು.

ಇಲಿಗಳು ತಮ್ಮ ರೋಮಕ್ಕೆ ಅಂಟಿದ ನಿಕೋಟಿನ್ನನ್ನು ನೆಕ್ಕಿ ನುಂಗುವುದರಿಂದ, ರಕ್ತದಲ್ಲಿ ಕಾಣುವ ಕೋಟಿನಿನ್ (ದೇಹದಲ್ಲಿ ನಿಕೋಟಿನ್ನಿನಿಂದ ಉಂಟಾಗುವ ವಸ್ತು) ಪೂರ್ತಿಯಾಗಿ ಶ್ವಾಸಕೋಶದ ಮೂಲಕವೇ ಬಂದದ್ದೆಂದು ಭಾವಿಸಬಾರದು. ಹೋಲಿಕೆಯ ಗುಂಪನ್ನೂ ಇಂಥದೇ ಪೆಟ್ಟಿಗೆಯಲ್ಲಿ, ಅಷ್ಟೇ ಹೊತ್ತು, ಶುದ್ಧ ಗಾಳಿಯಲ್ಲಿ ಇರಿಸಬೇಕು.