ಕೊಳ್ಳುವ ಮೊದಲು ಒಂದು ಮಳೆಗಾಲ: ಸಾಗರದಲ್ಲಿ ನಮ್ಮ ನಿವೃತ್ತಿ

2024ರ ಮೇ ಕೊನೆಗೆ ಬ್ಯಾಂಕಿನಿಂದ ನಿವೃತ್ತಳಾದೆ. ಜೂನ್ ಮೂರನೇ ವಾರ ಶಿವಮೊಗ್ಗ ಜಿಲ್ಲೆಯ ಸಾಗರದ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿದೆವು. "ಮಳೆಗಾಲದ ಬಾಯಿಗೇ ಹೋಗಿ ಬೀಳ್ತೀಯಲ್ಲೇ, ದೀಪಾವಳಿ ಮುಗಿಸಿಕೊಂಡು ಹೋಗಬಾರದಾ" ಎಂದು ಗೆಳತಿಯರು ಬೈದರು. ನಾವು ಬೇಕೆಂದೇ ಆ ಹೊತ್ತು ಹಿಡಿದಿದ್ದೆವು. ನವೆಂಬರಿನ ಮಲೆನಾಡು ನೋಡಿದವರಿಗೆಲ್ಲ ಅಲ್ಲೇ ಒಂದು ಸೈಟು ಕೊಂಡುಬಿಡಬೇಕು ಅನ್ನಿಸುತ್ತದೆ. ಜುಲೈ ತಿಂಗಳಲ್ಲಿ ಇದ್ದು ನೋಡಿದ ಮೇಲೂ ಹಾಗನ್ನಿಸಿದರೆ ಆಗ ಮನೆಯ ಮಾತು ಎಂದು ನಿರ್ಧರಿಸಿದ್ದೆವು.

ನಾವಿಬ್ಬರೂ ತುಮಕೂರು ಕಡೆಯ ಬಯಲುಸೀಮೆಯವರು. ಮೊದಲು ಮನಸ್ಸಿನಲ್ಲಿದ್ದದ್ದು ತೀರ್ಥಹಳ್ಳಿ. ತುಂಗೆಯ ದಡ, ಹತ್ತಿರದಲ್ಲೇ ಕುಪ್ಪಳಿ, ಊರೂ ಚೊಕ್ಕ. ಆದರೆ ಅಲ್ಲಿಗೆ ರೈಲಿಲ್ಲ. ಸಾಗರದಲ್ಲಿ ರಾತ್ರಿ ತಾಳಗುಪ್ಪದಿಂದ ಬರುವ ಗಾಡಿ ಹತ್ತಿ ಮಲಗಿದರೆ ಬೆಳಗಿನ ಜಾವ ಬೆಂಗಳೂರು, ಮಗನ ಮನೆ. ಐವತ್ತರಲ್ಲಿ ಬಸ್ಸಿನಲ್ಲಿ ಕೂತು ಹೋಗುವುದು ಬೇರೆ, ಎಪ್ಪತ್ತರಲ್ಲಿ ಬೇರೆ. ಹೆಗ್ಗೋಡು ಪಕ್ಕದಲ್ಲೇ ಇರುವುದು ನನಗೆ ಇನ್ನೊಂದು ಆಸೆ. ಅಲ್ಲಿ 1949ರಲ್ಲಿ ಶುರುವಾದ ರಂಗಸಂಸ್ಥೆ ನೀನಾಸಮ್‌ನ ನಾಟಕಗಳನ್ನು ಬೆಂಗಳೂರಿನಲ್ಲಿ ಟ್ರಾಫಿಕ್ಕಿಗೆ ಹೆದರಿ ಎಷ್ಟು ತಪ್ಪಿಸಿಕೊಂಡಿದ್ದೆನೋ! ಈಗ ಹಗಲಿನ ಕಾರ್ಯಕ್ರಮವಿದ್ದರೆ ಬಸ್ಸು ಹತ್ತುತ್ತೇನೆ. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡೂ ಇಲ್ಲ.

ಮಳೆಯ ವಿಷಯ ಹೇಳುತ್ತೇನೆ, ಯಾಕೆಂದರೆ ಬಂದು ನೆಲೆಸಿದವರನ್ನು ವಾಪಸು ಓಡಿಸುವುದು ಅದೇ. ಜುಲೈನಲ್ಲಿ ಪುನರ್ವಸು ಮಳೆ ಹಿಡಿದಾಗ ಶುರುವಾದ ಜಡಿ ಪುಷ್ಯ ಮಳೆ ಬಂದರೂ ಬಿಡಲಿಲ್ಲ. ಹನ್ನೊಂದು ದಿನ ಬಿಸಿಲಿನ ಮುಖ ಕಾಣಲಿಲ್ಲ. ಉಪ್ಪು ಡಬ್ಬಿಯಲ್ಲೇ ನೀರಾಯಿತು. ನಮ್ಮ ಯಜಮಾನರ ಚರ್ಮದ ಬೆಲ್ಟಿನ ಮೇಲೆ ಬೂದು ಬೂಷ್ಟು. ಒಗೆದ ಲಂಗ ಮೂರನೇ ದಿನಕ್ಕೂ ಒಣಗದೆ ಮುಗ್ಗಲು ವಾಸನೆ ಹೊಡೆಯಿತು. ನಾಲ್ಕನೇ ದಿನ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಕರೆಂಟು ಹೋಗಿ ಇಪ್ಪತ್ತು ಗಂಟೆ ಆಗಿತ್ತು, ಇನ್‌ವರ್ಟರ್ ಸತ್ತಿತ್ತು, ಮಗನಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ಲೂ ಇಲ್ಲ.

ಪಕ್ಕದ ಮನೆಯ ಅಮ್ಮ ಬಂದವರು ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಸೀದಾ ಬಚ್ಚಲಿಗೆ ಹೋಗಿ, "ಇಷ್ಟು ಒಳ್ಳೇ ಒಲೆ ಇಟ್ಕೊಂಡು ಗೀಸರ್ ನಂಬ್ಕಂಡಿದೀರಲ್ಲ ಮಾರಾಯ್ರೆ" ಎಂದರು. ಅವರ ಮನೆಯಿಂದ ಒಂದು ಚೀಲ ಒಣ ಅಡಿಕೆಸಿಪ್ಪೆ ತರಿಸಿ ಹಂಡೆಯ ಒಲೆಗೆ ತುಂಬಿ ಬೆಂಕಿ ಮಾಡಿದರು. ಸಿಪ್ಪೆ ಭಗ್ಗೆಂದು ಉರಿಯುವುದಿಲ್ಲ, ಕೆಂಡವಾಗಿ ಕೂತು ಹೊತ್ತುಗಟ್ಟಲೆ ಕಾಯುತ್ತದೆ. ಒಲೆಯ ಮೇಲೆ ಅಡ್ಡ ಕಟ್ಟಿದ್ದ ಬಿದಿರಿನ ಗಳ ಯಾಕೆಂದು ಒಂದು ತಿಂಗಳಿಂದ ನನಗೆ ತಿಳಿದೇ ಇರಲಿಲ್ಲ. ಬಟ್ಟೆಯನ್ನು ಅದರ ಮೇಲೆ ಹರವಿದರು. ರಾತ್ರಿಯೊಳಗೆ ಬೆಚ್ಚಗೆ ಒಣಗಿ, ತುಸು ಹೊಗೆಯ ವಾಸನೆ ಹಿಡಿದ ಸೀರೆ ಕೈಗೆ ಬಂತು. ಆ ವಾಸನೆ ಈಗ ನನಗೆ ಮಳೆಗಾಲದ್ದೇ ವಾಸನೆ.

ಆಗಸ್ಟಿನ ಆಶ್ಲೇಷ ಮಳೆಯಲ್ಲಿ ಇನ್ನೊಂದು ಪರೀಕ್ಷೆ. ಇವರಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ಒಂದು ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಬೆವರಿದರು. ಪಕ್ಕದ ಮನೆಯ ಹುಡುಗ ಕಾರು ತೆಗೆದ. ಊರಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಮಾತ್ರೆ ಕೊಟ್ಟು, "ಯಾವುದಕ್ಕೂ ಶಿವಮೊಗ್ಗಕ್ಕೆ ಹೋಗಿಬಿಡಿ" ಎಂದರು. ಎಪ್ಪತ್ತು ಕಿಲೋಮೀಟರ್ ಚಿಲ್ಲರೆ ದಾರಿ. ಆನಂದಪುರ ದಾಟಿದ ಮೇಲೆ ರಸ್ತೆಗೆ ಅಡ್ಡ ಮರ. ಆ ಹುಡುಗ ಡಿಕ್ಕಿಯಿಂದ ಕತ್ತಿ ತೆಗೆದು, ಹಿಂದೆ ಬಂದ ಲಾರಿಯವರ ಜೊತೆ ಸೇರಿ ಕೊಂಬೆ ಕಡಿದು ದಾರಿ ಮಾಡುವ ತನಕ ನಾನು ಇವರ ಕೈ ಹಿಡಿದು ಗಡಿಯಾರ ನೋಡುತ್ತಿದ್ದೆ. ಅರ್ಧ ಗಂಟೆ. ಹೃದಯದ್ದಲ್ಲ, ಸಕ್ಕರೆ ಇಳಿದದ್ದು ಮತ್ತು ಗ್ಯಾಸು ಎಂದು ಬೆಳಗ್ಗೆ ತಿಳಿಯಿತು.

ಆ ಅರ್ಧ ಗಂಟೆ ನನಗೆ ಕಲಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿದ್ದರೆ, ಡಯಾಲಿಸಿಸ್ ನಡೆಯುತ್ತಿದ್ದರೆ, ಇಂಥ ಊರಿಗೆ ಬರಬೇಡಿ. ಶಿವಮೊಗ್ಗದಲ್ಲೇ ಮನೆ ಮಾಡಿ, ತಿಂಗಳಿಗೆರಡು ಸಲ ಇಲ್ಲಿಗೆ ಬಂದು ಹೋಗಿ. ಮಣಿಪಾಲ ಇದೆಯಲ್ಲ ಎನ್ನುವವರಿದ್ದಾರೆ. ಅದಕ್ಕೆ ಹುಲಿಕಲ್ ಘಾಟಿ ಇಳಿಯಬೇಕು, ಮಳೆಗಾಲದ ರಾತ್ರಿ ಆ ದಾರಿ ಲೆಕ್ಕಕ್ಕಿಲ್ಲ. ನಾವು ಈಗ ಮೂರು ತಿಂಗಳಿಗೊಮ್ಮೆ ಶಿವಮೊಗ್ಗದಲ್ಲಿ ತಪಾಸಣೆ ಮಾಡಿಸುತ್ತೇವೆ. ರಿಪೋರ್ಟುಗಳ ಫೈಲು ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದೆ.

ಜಾಗ ಕೊಳ್ಳುವ ಆಸೆ ಇವರಿಗೆ ಬಹಳ ಇತ್ತು. 2020ರ ತಿದ್ದುಪಡಿಯ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬ ಧೈರ್ಯ. ಊರಾಚೆ ಅರ್ಧ ಎಕರೆ ಅಡಿಕೆ ತೋಟ, ಹಂಚಿನ ಮನೆ, ಬೆಲೆಯೂ ಕೈಗೆಟುಕುವಂತಿತ್ತು. ಪಹಣಿ ತೆಗೆಸಿದೆ. ಮನೆ ನಿಂತ ಜಾಗ ಮಾರುವವರ ಹೆಸರಿನಲ್ಲೇ ಇರಲಿಲ್ಲ. ಅವರು ಮೋಸಗಾರರಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆ ಮುಳುಗಿದಾಗ ಎಬ್ಬಿಸಿ ಕಳಿಸಿದ ಕುಟುಂಬ ಅದು. ಅಜ್ಜನ ಕಾಲದಿಂದ ಉತ್ತುಂಡ ನೆಲಕ್ಕೆ ಇನ್ನೂ ಹಕ್ಕುಪತ್ರವಿಲ್ಲ. ನಾಡಿಗೆ ಕರೆಂಟು ಕೊಡಲು ಮನೆ ಕಳೆದುಕೊಂಡವರ ಮೊಮ್ಮಕ್ಕಳು ಇವತ್ತಿಗೂ ಕಚೇರಿಯ ಮೆಟ್ಟಿಲು ಹತ್ತುತ್ತಿರುವುದು ನೋಡಿ ನನಗೆ ಹೊಟ್ಟೆ ಉರಿಯಿತು. ಈ ಸೀಮೆಯಲ್ಲಿ ಹಕ್ಕಿಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನಿನ ಬಗರ್‌ಹುಕುಂ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟ, ಅರಣ್ಯದ ತಕರಾರು ಹೀಗೆ ನಾನಾ ಬಗೆಯ ಗೋಜಲಿದೆ. ಪಹಣಿ, ಇ.ಸಿ. (ಋಣಭಾರ ಪತ್ರ), ಪಂಚಾಯ್ತಿ ಜಾಗವಾದರೆ ಇ-ಸ್ವತ್ತು ದಾಖಲೆ, ಎಲ್ಲವನ್ನೂ ಸ್ಥಳೀಯ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಕೃಷಿ ಜಮೀನಿನಲ್ಲಿ ಸೈಟು ಮಾಡಿ ಮಾರುವವರಿದ್ದರೆ ಭೂಪರಿವರ್ತನೆಯ ಆದೇಶವನ್ನು ಮೊದಲು ಕೇಳಿ.

ಮಂಗನ ಕಾಯಿಲೆ ಬಗ್ಗೆ ಮಗ ಪದೇ ಪದೇ ಕೇಳುತ್ತಾನೆ. 1957ರಲ್ಲಿ ಅದು ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನದೇ. ನಮ್ಮ ತಾಲ್ಲೂಕಿನ ಅರಲಗೋಡಿನಲ್ಲಿ 2019ರಲ್ಲಿ ಜನ ಸತ್ತಿದ್ದಾರೆ. ಚಳಿಗಾಲದಿಂದ ಮಳೆ ಬೀಳುವ ತನಕ ನಾವು ಕಾಡಿನ ದಾರಿ ಹಿಡಿಯುವುದಿಲ್ಲ, ಗಣಪತಿ ಕೆರೆಯ ಕಡೆ ನಡೆದು ಬರುತ್ತೇವೆ. ತೋಟಕ್ಕೆ ಹೋಗುವವರು ಈ ಕಾಯಿಲೆ ಹರಡುವ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ.

ಖರ್ಚು ಕಡಿಮೆಯೇ. ಮನೆ ಬಾಡಿಗೆ 7,500. ತರಕಾರಿ ಬೆಂಗಳೂರಿಗಿಂತ ಅಗ್ಗವೇನಲ್ಲ. ಆದರೆ ಕಳಲೆ, ಕೆಸುವಿನ ಸೊಪ್ಪು, ಅಪ್ಪೆಮಿಡಿ ಕಾಲಕ್ಕೆ ಸರಿಯಾಗಿ ಯಾರಾದರೂ ತಂದು ಕೊಡುತ್ತಾರೆ.

ಕೊಡುವವರು ಬರುವಂತಾದದ್ದು ಮಾತ್ರ ತಾನಾಗಿ ಅಲ್ಲ. ಮೊದಲ ನಾಲ್ಕೈದು ತಿಂಗಳು ನಾವು "ಬೆಂಗಳೂರಿನವರು" ಆಗಿಯೇ ಇದ್ದೆವು. ಆ ವರ್ಷ ನವೆಂಬರಿನಲ್ಲಿ ನನ್ನ ಜೀವಂತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿ ಕಳಿಸುವುದನ್ನು ಕಂಡ ಪಕ್ಕದ ಮನೆಯ ಅಮ್ಮ, ಪಿಂಚಣಿ ಬರುವ ತಮ್ಮ ಭಾವನವರನ್ನು ಕರೆತಂದರು. ಮರುದಿನ ಇನ್ನಿಬ್ಬರು. ಆಮೇಲೆ ಪಾಸ್‌ಬುಕ್ಕು, ಎಫ್‌.ಡಿ., ನಾಮಿನಿ ಫಾರಂ ಹಿಡಿದುಕೊಂಡು ಬಂದರು. ಈಗ ಮಂಗಳವಾರ, ಶುಕ್ರವಾರ ಬೆಳಗ್ಗೆ ನಮ್ಮ ಜಗಲಿಯಲ್ಲಿ ನಾಲ್ಕು ಜನ ಇದ್ದೇ ಇರುತ್ತಾರೆ. ಬೀದಿಯಲ್ಲಿ ನನಗೆ "ಬ್ಯಾಂಕಿನಕ್ಕ" ಎಂದು ಹೆಸರು. ಬೆಳಗ್ಗೆ ಎಂಟಾದರೂ ನಮ್ಮ ಬಾಗಿಲು ತೆರೆಯದಿದ್ದರೆ ಯಾರಾದರೂ ಬಂದು ತಟ್ಟುತ್ತಾರೆ. ಮೊದಮೊದಲು ಅದು ಕಿರಿಕಿರಿ ಅನ್ನಿಸಿದ್ದುಂಟು. ಆಶ್ಲೇಷದ ಆ ರಾತ್ರಿಯ ಮೇಲೆ ಇಲ್ಲ.

ಹನ್ನೊಂದು ತಿಂಗಳ ಕರಾರು ಎರಡನೇ ಸಲ ಬರೆದಾಗಿದೆ. ಮನೆ ಮಾರುವುದಾದರೆ ನಮಗೇ ಎಂದು ಮಾಲೀಕರು ಹೇಳಿದ್ದಾರೆ. ಕಾಗದ ವಕೀಲರ ಹತ್ತಿರ ಇದೆ. ಎರಡನೇ ಮಳೆಗಾಲಕ್ಕೆ ಅಡಿಕೆಸಿಪ್ಪೆಯನ್ನು ಏಪ್ರಿಲ್‌ನಲ್ಲೇ ತರಿಸಿ, ಒಣಗಿಸಿ, ಬಚ್ಚಲ ಅಟ್ಟಕ್ಕೆ ಹಾಕಿಸಿದೆ, ಎಂಟು ಚೀಲ.