ಉಸುಕಿನ ಹಾದಿಯಲ್ಲಿ ಗಾಲಿ ಹೂತುಹೋಗದಂತೆ ಸೈಕಲ್ ಹೊಡೆಯೋದು ಹೇಗೆ?

ಗೇರ್ ಸೈಕಲ್ ತಗೊಂಡ ಮೊದಲ ಬೇಸಿಗೆಯಲ್ಲೇ ಭೀಮಾ ದಂಡೆಯ ಉಸುಕಿನಲ್ಲಿ ಮಕಾಡೆ ಬಿದ್ದವನು ನಾನು. ಯಾದಗಿರಿ ಕಡೆ ಹೊಳೆಗೆ ಇಳಿಯುವ ಒಂದು ಬಂಡಿ ಹಾದಿ. ಇಳಿಜಾರಿನಲ್ಲಿ ಜೋರಾಗಿ ಬಂದೆ, ಕೆಳಗೆ ಉಸುಕು ಕಂಡ ಕೂಡಲೇ ಹೆದರಿ ಮುಂದಿನ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಎಮ್ಮೆ ಮೈ ತೊಳೆಯುತ್ತಿದ್ದ ಕಾಕಾ ಒಬ್ಬರು ನಗು ತಡೆದುಕೊಂಡು, "ಹ್ಯಾಂಡಲ್ ಎದಕ್ಕ ಹೋರಿ ಹಗ್ಗ ಹಿಡದಂಗ ಹಿಡೀತಿ ತಮ್ಮಾ, ಸಡ್ಲ ಬಿಡು" ಅಂದರು. ಅವರು ಸೈಕಲ್ ಬಗ್ಗೆ ಹೇಳಿದ್ದೋ ಎಮ್ಮೆ ಬಗ್ಗೆಯೋ, ಮಾತಂತೂ ಸರಿಯಾಗಿತ್ತು.

ನಮ್ಮ ಮೂರೂ ಜಿಲ್ಲೆಯ ನೆಲ ಒಂದೇ ಥರ ಇಲ್ಲ. ಕಲಬುರಗಿಯ ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಾಲಿಯನ್ನೇ ನುಂಗುತ್ತದೆ. ಬೀದರ್‌ನ ಕೆಂಪು ಹಾದಿಯಲ್ಲಿ ಸಣ್ಣ ಹರಳು ಗಾಲಿ ಕೆಳಗೆ ಗೋಲಿಯಂತೆ ಉರುಳುತ್ತವೆ. ನಿಜವಾದ ಉಸುಕು ಬೇಕೆಂದರೆ ಯಾದಗಿರಿಗೇ ಬರಬೇಕು. ಭೀಮಾ, ಕೃಷ್ಣಾ ದಂಡೆಯಲ್ಲಿ ಸಣ್ಣ ಉಸುಕು, ಶಹಾಪುರ, ಸುರಪುರದ ಗ್ರಾನೈಟ್ ಗುಡ್ಡಗಳ ಬುಡದಲ್ಲಿ ಕಲ್ಲು ಸವೆದು ಬಂದ ದಪ್ಪ ಉಸುಕು. ಇಲ್ಲಿ ಹೇಳುತ್ತಿರುವುದು ಈ ಎರಡರ ಬಗ್ಗೆ.

ಮೊದಲು ಹೊತ್ತು ನೋಡಿ

ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸೈಕಲ್ ಹೊಡೆಯುವವರು ಅದಕ್ಕಿಂತಲೂ ಬೇಗ ಏಳಬೇಕು. ಐದೂವರೆಗೆ ಹೊರಟು ಎಂಟರೊಳಗೆ ವಾಪಸ್. ರಣಬಿಸಿಲು ಒಂದು ಕಾರಣ, ಇನ್ನೊಂದು ಕಾರಣ ಉಸುಕೇ. ಸ್ವಲ್ಪ ತೇವ ಇದ್ದರೆ ನೀರು ಹರಳುಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ, ಹಾದಿ ಗಟ್ಟಿ ಇರುತ್ತದೆ. ಬಿಸಿಲೇರಿ ತೇವ ಆರಿದರೆ ಅದೇ ಜಾಗ ಸಕ್ಕರೆ ಚೀಲ ಸುರಿದಂತೆ ಆಗಿಬಿಡುತ್ತದೆ. ಹೋಗುವಾಗ ಸಲೀಸಾಗಿ ದಾಟಿದ ಜಾಗದಲ್ಲಿ ಬರುವಾಗ ಸೈಕಲ್ ಹೊತ್ತುಕೊಂಡು ಬಂದಿದ್ದೇನೆ.

ಇಳಿಯುವ ಮುಂಚೆ ಹಿಮ್ಮಡಿ ಊರಿ ನೋಡಿ. ಗುಂಡಿಯ ಅಂಚು ಹಾಗೇ ನಿಂತರೆ ಹೋಗಬಹುದು. ಉಸುಕು ಸುತ್ತಲಿಂದ ಜಾರಿ ಗುಂಡಿ ತುಂಬಿಕೊಂಡರೆ ಮೆತ್ತಗಿದೆ ಅಂತ ಅರ್ಥ. ಹೊಳೆ ದಂಡೆಯಲ್ಲಿ ನೀರಿನಿಂದ ಸ್ವಲ್ಪ ಈಚೆ ಬಣ್ಣ ಕಪ್ಪಾಗಿರುವ ಒಂದು ಪಟ್ಟಿ ಕಾಣುತ್ತದಲ್ವಾ, ಗಟ್ಟಿ ನೆಲ ಅದೇ. ಆದರೆ ತೀರಾ ನೀರಿನ ಅಂಚಿಗೆ ಹೋಗಬೇಡಿ, ಅಲ್ಲಿ ಹುದುಲು. ಉಸುಕು ತೋಡಿದ ಗುಂಡಿಗಳ ಹತ್ತಿರವಂತೂ ಸುಳಿಯಲೇಬೇಡಿ, ಮೇಲೆ ನೆಲ ಕಂಡರೂ ಅಂಚು ಟೊಳ್ಳಾಗಿರುತ್ತದೆ.

ಆಮೇಲೆ ಗಾಳಿ ಇಳಿಸಿ

ಉಸುಕಿನಲ್ಲಿ ಅರ್ಧ ಕೆಲಸ ಇದೇ. ಸೈಕಲ್ ಅಂಗಡಿಯಲ್ಲಿ ಹೇಳದಿದ್ದರೆ ಟೈರ್ ಕಲ್ಲಾಗುವ ತನಕ, 50, 60 ಪಿಎಸ್‌ಐ ತುಂಬಿ ಕಳಿಸುತ್ತಾರೆ. (ಪಿಎಸ್‌ಐ ಅಂದರೆ ಠಾಣೆಯವರಲ್ಲ, ಗಾಳಿ ಒತ್ತಡದ ಅಳತೆ.) ಡಾಂಬರಿಗೆ ಅದು ಸರಿ, ಉಸುಕಿನಲ್ಲಿ ಅಂಥ ಟೈರ್ ಚಾಕುವಿನ ಹಾಗೆ ಇಳಿಯುತ್ತದೆ. ಗಾಳಿ ಅರ್ಧಕ್ಕೆ ಇಳಿಸಿದರೆ ನೆಲಕ್ಕೆ ತಾಗುವ ಟೈರಿನ ಜಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಭಾರ ಹರಡಿಕೊಳ್ಳುತ್ತದೆ, ಗಾಲಿ ತೇಲುತ್ತದೆ. ಒಂಟೆ ಪಾದ ಅಗಲ ಇರುವುದೂ ಇದಕ್ಕೇ.

ನನ್ನ ತೂಕ 68 ಕೆ.ಜಿ., ಟೈರ್ 2.25 ಇಂಚು ಅಗಲ, ಒಳಗೆ ಟ್ಯೂಬ್. ಹಿಂದೆ 28, ಮುಂದೆ 25 ಇಡುತ್ತೇನೆ. ಭಾರ ಇದ್ದವರು ಸ್ವಲ್ಪ ಜಾಸ್ತಿ ಇಡಿ. ಟೈರಿನ ಪಕ್ಕದಲ್ಲಿ ಕನಿಷ್ಠ ಎಷ್ಟು ಅಂತ ಅಚ್ಚಾಗಿದ್ದರೆ ಅದಕ್ಕಿಂತ ಕೆಳಗೆ ಇಳಿಸಬೇಡಿ. ತೀರಾ ಇಳಿಸಿದರೆ ಉಸುಕಿನ ನಡುವೆ ಅಡಗಿದ ಕಲ್ಲಿಗೆ ಗಾಲಿ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಟ್ಯೂಬ್‌ಲೆಸ್ ಇದ್ದವರಿಗೆ ಈ ಕಾಟ ಇಲ್ಲ, ಇನ್ನೂ ನಾಲ್ಕೈದು ಇಳಿಸಬಹುದು. ಆದರೆ ಒಳಗಿನ ಸೀಲಂಟ್ (ತೂತು ಮುಚ್ಚುವ ದ್ರವ) ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ತಿಂಗಳಿಗೊಮ್ಮೆ ನೋಡುತ್ತಿರಿ. ಇನ್ನೊಂದು ವಿಷಯ. ನಸುಕಿನಲ್ಲಿ 25 ಇದ್ದ ಗಾಳಿ, ಸೈಕಲ್ ಬಿಸಿಲಿಗೆ ನಿಂತು ಟೈರ್ ಕಾದರೆ ಎರಡು ಮೂರು ಪಿಎಸ್‌ಐ ಏರುತ್ತದೆ. ಅದಕ್ಕೇ ನೆರಳಲ್ಲಿ ನಿಲ್ಲಿಸಿ. ವಾಪಸ್ ಡಾಂಬರ್ ಹತ್ತಿದ ಮೇಲೆ ಮತ್ತೆ ತುಂಬಲು ಸಣ್ಣ ಪಂಪ್ ಜೊತೆಗಿರಲಿ.

ಈಗ ಉಸುಕಿಗೆ ಇಳಿಯಿರಿ

ಗೇರ್ ಮೊದಲೇ ಬದಲಿಸಿ. ಉಸುಕಿನೊಳಗೆ ಹೋದ ಮೇಲೆ ಜೋರಾಗಿ ತುಳಿಯುತ್ತ ಗೇರ್ ಹಾಕಿದರೆ ಚೈನ್ ಕಟ್ ಅನ್ನುತ್ತದೆ. ಒಂದೆರಡು ಗೇರ್ ಹಗುರ ಮಾಡಿಕೊಂಡು, ಪೆಡಲ್ ನಿಮಿಷಕ್ಕೆ 70, 80 ಸುತ್ತು ತಿರುಗುವ ಹಾಗೆ, ಸ್ವಲ್ಪ ವೇಗದಲ್ಲೇ ಒಳಗೆ ಹೋಗಿ. ಸೀಟ್ ಮೇಲೇ ಕೂತಿರಿ, ಮೈಭಾರ ಕೊಂಚ ಹಿಂದಕ್ಕೆ ಇರಲಿ. ಎದ್ದು ನಿಂತು ತುಳಿದರೆ ಭಾರ ಮುಂದಕ್ಕೆ ಬಿದ್ದು ಮುಂಗಾಲಿ ನೆಲ ಅಗೆಯುತ್ತದೆ, ಹಿಂದಿನ ಗಾಲಿ ಸುಮ್ನೆ ಗಿರಗಿರ ತಿರುಗುತ್ತದೆ.

ಇನ್ನು ಕೈ. ಮುಂದಿನ ಗಾಲಿ ಎಡಕ್ಕೆ, ಬಲಕ್ಕೆ ಹೊರಳುತ್ತದೆ, ಅದು ಸಹಜ. ಆಗ ನಮ್ಮ ಕೈ ತಾನಾಗಿಯೇ ಬಿಗಿಯುತ್ತದೆ. ಬಿಗಿದಿರೋ, ಬಿದ್ದಿರಿ. ಮೊಣಕೈ ಸ್ವಲ್ಪ ಬಾಗಿಸಿ, ಬೆರಳು ಹಗುರ ಮಾಡಿ, ಕಣ್ಣು ಗಾಲಿ ಮೇಲಲ್ಲ, ಐದಾರು ಮಾರು ಮುಂದೆ ಇರಲಿ. ಪೆಡಲ್ ತಿರುಗುತ್ತಿದ್ದರೆ ಸೈಕಲ್ ತಾನೇ ನೆಟ್ಟಗಾಗುತ್ತದೆ. ಮೊದಲ ಐದಾರು ಸಲ ಇದನ್ನು ನಂಬುವುದೇ ಕಷ್ಟ, ನನಗೂ ಒಂದು ತಿಂಗಳು ಬೇಕಾಯಿತು. ತಿರುಗಬೇಕಿದ್ದರೆ ಹ್ಯಾಂಡಲ್ ತಿರುವಬೇಡಿ, ಸೊಂಟ ವಾಲಿಸಿ ದೊಡ್ಡ ಸುತ್ತಿನಲ್ಲಿ ತಿರುಗಿ. ಮುಂದಿನ ಬ್ರೇಕ್ ಮುಟ್ಟಲೇಬೇಡಿ. ನಿಲ್ಲಬೇಕಾದರೆ ತುಳಿಯುವುದು ಬಿಟ್ಟರೆ ಸಾಕು, ಉಸುಕೇ ನಿಲ್ಲಿಸುತ್ತದೆ.

ಟ್ರ್ಯಾಕ್ಟರ್ ಗಾಲಿ ಬಿದ್ದ ಜಾಡು ಒತ್ತಿ ಗಟ್ಟಿಯಾಗಿರುತ್ತದೆ, ಅದರ ನಡುವೆ ಹೋಗಿ. ಅಂಚಿಗೆ ಗಾಲಿ ತಾಗಿಸಿದರೆ ಮಾತ್ರ ಎತ್ತಿ ಒಗೆಯುತ್ತದೆ. ಜಾಡು ಇಲ್ಲದಿದ್ದರೆ ಹುಲ್ಲಿನ ಬುಡ ಹಿಡಿಯಿರಿ, ಬೇರು ಉಸುಕನ್ನು ಹಿಡಿದಿರುತ್ತದೆ. ಆದರೆ ದಡದ ತುಂಬ ಬಳ್ಳಾರಿ ಜಾಲಿ. ಅದರ ಒಣ ಮುಳ್ಳು ಉಸುಕಿನಲ್ಲಿ ಹುದುಗಿದ್ದರೆ ಕಣ್ಣಿಗೇ ಬೀಳುವುದಿಲ್ಲ. ನೆಗ್ಗಿನ ಮುಳ್ಳೂ ಹಾಗೇ. ಎರಡು ಟ್ಯೂಬ್ ಇಟ್ಟುಕೊಳ್ಳಿ, ಒಂದು ಸಾಲುವುದಿಲ್ಲ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳು ಆಡಿಸಿ ಮುಳ್ಳಿನ ಮೊನೆ ಹುಡುಕಿ. ಇಲ್ಲದಿದ್ದರೆ ಅದೇ ಮುಳ್ಳು ಅದಕ್ಕೂ ಚುಚ್ಚುತ್ತದೆ.

ನೀರು ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಬೇಕು. ಬಾಯಾರಿಕೆ ಆದ ಮೇಲಲ್ಲ, ಹತ್ತು ನಿಮಿಷಕ್ಕೊಂದು ಗುಟುಕು. ಒಂದು ಬಾಟಲಿಗೆ ಓಆರ್‌ಎಸ್ ಹಾಕಿ, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ ಒಯ್ಯಿರಿ. ಕುತ್ತಿಗೆಗೆ ಒದ್ದೆ ವಲ್ಲಿ. ತಲೆ ನೋವು, ವಾಂತಿ ಬಂದಂತಾಗುವುದು ಶುರುವಾದರೆ ಹಠ ಬೇಡ, ನೆರಳಿಗೆ ಹೋಗಿ ಮೈಗೆ ನೀರು ಹಾಕಿಕೊಳ್ಳಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಕಾಯದೆ 108ಕ್ಕೆ ಫೋನ್ ಮಾಡಿ.

ಮನೆಗೆ ಬಂದ ಮೇಲೆ

ಸೈಕಲ್ ಮೂಲೆಗೆ ಒರಗಿಸಿ ಮಲಗಬೇಡಿ. ಎಣ್ಣೆ ಹಚ್ಚಿದ ಚೈನಿಗೆ ಉಸುಕು ಮೆತ್ತಿದರೆ ಅದು ಮರಳು ಕಾಗದದಂತೆ ಹಲ್ಲನ್ನು ತಿನ್ನುತ್ತದೆ. ಬೈಕ್ ತೊಳೆಯುವ ಜೋರು ಪೈಪ್ ಹಿಡಿಯಬೇಡಿ, ಬೇರಿಂಗ್ ಒಳಗೇ ಉಸುಕು ತಳ್ಳಿಬಿಡುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಒಂದು ಚೊಂಬು ನೀರು ಹನಿಸಿ, ಹಳೇ ಬನಿಯನ್‌ನಿಂದ ಚೈನ್ ಒರೆಸಿ. ಬೇಸಿಗೆಯಲ್ಲಿ ಚೈನಿಗೆ ಎಣ್ಣೆ ಬದಲು ಮೇಣದ ಲ್ಯೂಬ್ ಒಳ್ಳೆಯದು, ಉಸುಕು ಅಂಟುವುದಿಲ್ಲ. ಬ್ರೇಕ್ ಡಿಸ್ಕ್ ಮೇಲೆ ಮಾತ್ರ ಒಂದು ಹನಿಯೂ ಬೀಳಬಾರದು. ತಿಂಗಳಿಗೊಮ್ಮೆ ಮಕ್ಕಳ ಸ್ಕೇಲ್ ತಂದು ಚೈನಿನ ಒಂದು ಪಿನ್ನನ್ನು ಸೊನ್ನೆ ಅಂತ ಹಿಡಿದು, ಅಲ್ಲಿಂದ ಎಣಿಸಿ 24ನೇ ಪಿನ್ನಿನವರೆಗೆ ಅಳೆಯಿರಿ. ಹೊಸದರಲ್ಲಿ ಸರಿಯಾಗಿ 12 ಇಂಚು ಇರುತ್ತದೆ. ಅದರ ಮೇಲೆ ಇಂಚಿನ ಹದಿನಾರನೇ ಒಂದು ಭಾಗ ಉದ್ದವಾಗಿದ್ದರೆ ಬದಲಿಸಿ. ನಾನು ಇನ್ನೂ ನಡೆಯುತ್ತದೆ ಬಿಡು ಅಂತ ಮುಂದೂಡಿ, ಕೊನೆಗೆ ಚೈನಿನ ಜೊತೆ ಹಿಂದಿನ ಕ್ಯಾಸೆಟ್‌ಗೂ (ಹಿಂಗಾಲಿಯ ಹಲ್ಲಿನ ಚಕ್ರಗಳ ಗುಂಪು) ದುಡ್ಡು ಕೊಟ್ಟೆ.