ಮೆಣಸಿನ ಲೀಟರ್ ತೂಕ: ಸುರಿಯುವ ಕೈ ಹೇಗಿರಬೇಕು

ಕಳೆದ ಮಾರ್ಚ್‌ನಲ್ಲಿ ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಟದ ಕರಿಮೆಣಸನ್ನು ಅಂಗಡಿಗೆ ಒಯ್ದಿದ್ದೆ. ಮನೆಯಲ್ಲಿ ಒಂದು ಲೀಟರ್ ಡಬ್ಬಿ ತುಂಬಿ ತೂಗಿದಾಗ (ಇದೇ ಲೀಟರ್ ತೂಕ) 555 ಗ್ರಾಂ ಬಂದಿತ್ತು. ಅಲ್ಲಿ 525. "ಕಾಳು ಹಗುರ ಇದೆ" ಅಂತ ದರ ಇಳಿಸಿದರು. ತುಂಬಾ ಬೇಜಾರಾಯಿತು. ಮೆಣಸು ಅದೇ, ಚೀಲ ಅದೇ. ಮನೆಯಲ್ಲಿ ನಾನು ಡಬ್ಬಿಯನ್ನು ನಾಲ್ಕು ಸಲ ನೆಲಕ್ಕೆ ಕುಟ್ಟಿದ್ದೆ, ಅವರು ಚೀಲದಿಂದ ದಬಕ್ಕನೆ ಸುರಿದಿದ್ದರು. ವ್ಯತ್ಯಾಸ ಅಷ್ಟೇ.

ನಂಬಿಕೆ ಬರದಿದ್ದರೆ ಗಾಜಿನ ಭರಣಿಯಲ್ಲಿ ನೋಡಿ. ಒಮ್ಮೆಲೇ ಸುರಿದರೆ ಸುಕ್ಕು ಸಿಪ್ಪೆಯ ಕಾಳುಗಳು ಒಂದಕ್ಕೊಂದು ಆತುಕೊಂಡು ಸಣ್ಣ ಕಮಾನು ಕಟ್ಟುತ್ತವೆ. ಕೆಳಗೆ ಒಂದು ಕಾಳು ಹಿಡಿಯುವಷ್ಟು ಜಾಗ ಖಾಲಿ. ಅದು ಕುಸಿಯುವ ಮೊದಲೇ ಮೇಲಿನ ಕಾಳು ಬಿದ್ದು ಮುಚ್ಚಿಬಿಡುತ್ತದೆ. ಸೋನೆ ಮಳೆಯಂತೆ ನಿಧಾನ ಬಿಟ್ಟರೆ ಪ್ರತಿ ಕಾಳೂ ಉರುಳಿ ಗುಂಡಿ ಹುಡುಕಿಕೊಳ್ಳುತ್ತದೆ, ಒತ್ತಾಗಿ ಕೂರುತ್ತದೆ. ಭರಣಿಯನ್ನು ಕುಟ್ಟಿ ನೋಡಿ: ಮೊದಲ ಹತ್ತು ಏಟಿಗೆ ಮಟ್ಟ ಚೆನ್ನಾಗಿ ಇಳಿಯುತ್ತದೆ, ಆಮೇಲೆ ಇಳಿಯುವುದು ತೀರಾ ನಿಧಾನ. ನುಣುಪಾದ, ಒಂದೇ ಅಳತೆಯ ಗೋಲಿಗಳನ್ನು ಎಷ್ಟು ಕುಲುಕಿದರೂ ಪಾತ್ರೆಯ 100 ಪಾಲಿನಲ್ಲಿ ಸುಮಾರು 64 ಮಾತ್ರ ತುಂಬುತ್ತದೆ, ಉಳಿದದ್ದು ಗಾಳಿ. ಕೈಯಿಂದ ಒಂದೊಂದಾಗಿ ಜೋಡಿಸಿದರೆ 74ರವರೆಗೆ ಹೋಗುತ್ತದೆ.

ಹಾಗಾಗಿ ನಾನು ಈಗ ಅಳೆಯುವುದು ಹೀಗೆ. ಮೆಣಸು ಚೆನ್ನಾಗಿ ಒಣಗಿರಬೇಕು, ಜೊಳ್ಳು ಹಾರಿರಬೇಕು. ಜೀಪಿನಲ್ಲಿ ಬಂದ ಚೀಲವಾದರೆ ಮೊದಲು ಟಾರ್ಪಾಲಿನ ಮೇಲೆ ಸುರಿದು ಕಲಸಿ. ದಾರಿಯ ಕುಲುಕಾಟಕ್ಕೆ ಸಣ್ಣ ಕಾಳು ಸಂದಿಯಲ್ಲಿ ಜಾರಿ ತಳ ಸೇರಿರುತ್ತದೆ, ದಪ್ಪ ಕಾಳು ಮೇಲೆ ಉಳಿದಿರುತ್ತದೆ. ಮೇಲಿಂದ ಒಂದು ಹಿಡಿ ತೆಗೆದರೆ ಅದು ಚೀಲದ ಲೆಕ್ಕ ಆಗುವುದಿಲ್ಲ, ಅಲ್ವಾ?

ಅಳತೆ ಪಾತ್ರೆ ಅಗಲವಾಗಿರಲಿ. ಗೋಡೆಗೆ ತಾಗಿದ ಕಾಳುಗಳ ಸುತ್ತ ಸಂದು ಜಾಸ್ತಿ, ಕಿರಿದಾದ ಪಾತ್ರೆಯಲ್ಲಿ ಆ ಪಾಲೇ ದೊಡ್ಡದಾಗುತ್ತದೆ. ಬಾಯಿ ಅಗಲದ ಲಾಳಿಕೆಯನ್ನು ಪಾತ್ರೆಯಿಂದ ಒಂದು ಗೇಣು ಮೇಲೆ ಕಟ್ಟಿ, ಪ್ರತಿ ಸಲವೂ ಅದೇ ಎತ್ತರ, ಅದೇ ವೇಗ. ತುಂಬಿ ಹೊರಚೆಲ್ಲುವವರೆಗೆ ಬಿಡಿ. ಕುಟ್ಟಬೇಡಿ, ಅಂಗೈಯಲ್ಲಿ ಒತ್ತಬೇಡಿ. ನೇರ ಪಟ್ಟಿಯನ್ನು ಅಂಚಿನ ಮೇಲೆ ಒಂದೇ ಸಲ ಎಳೆದು ತೂಗಿ. ಐದು ಸಲ ಮಾಡಿ ಸರಾಸರಿ ಬರೆದಿಡಿ, ಹೇಗೆ ಸುರಿದಿರಿ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ಅಂಗಡಿಗೆ ಹೋಗುವಾಗ ಈಗ ನನ್ನ ಲಾಳಿಕೆಯೂ ಜೀಪಿನಲ್ಲಿ ಬರುತ್ತದೆ. ಎರಡೂ ಕಡೆ ಒಂದೇ ಥರ ಸುರಿಯೋಣ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.